ಕುಂಟುವ ನಾಯಿಗೆ ಬರೆಯೋ, ನೀರೋ?

“ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ” ಎಂಬ ಗಾದೆಯನ್ನು ವಾಚಕರೆಲ್ಲರೂ ಕೇಳಿರುವರು. ಬರೆ ತಪ್ಪಾದ ಪ್ರಾಣಿಗೆ ಬಿದ್ದಿತೆಂಬುದು ಅಲ್ಲಿನ ಹಾಸ್ಯ. ಸರಿಯಾದ ಪ್ರಾಣಿಗೆ ಬಿದ್ದಿದ್ದರೆ ಗುಣವಾಗುತ್ತಿತ್ತೆಂಬ ನಂಬಿಕೆ ಅದರ ಹಿನ್ನೆಲೆ. ಕಡೂರು, ತರೀಕೆರೆ, ಅಜ್ಜಂಪುರಗಳದು ದನಗಳ ಸೀಮೆ. ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿದೆ. ಬಾಸೂರಿನ ಹುಲ್ಲುಗಾವಲು ಕಡೂರು ತಾಲ್ಲೂಕಿನದು. ದನದ ಕೀಲುನೋವಿಗೆ ಕಾಯಿಸಿದ ಕಬ್ಬಿಣದಿಂದ ಬರೆ ಎಳೆಯುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಮನೆಯ ನಾಯಿ ಮುಪ್ಪಿನಲ್ಲಿ ಕುಂಟತೊಡಗಿದಾಗ, ಎತ್ತಿಗೆ ಮಾಡಿದುದನ್ನೇ ಇದಕ್ಕೂ ಮಾಡಿದರೇನು ಎಂಬ ಯೋಚನೆ ಸುಲಭವಾಗಿ ಹುಟ್ಟುತ್ತದೆ.

ಬರೆ ಹಾಕಿದ ಪ್ರಾಣಿ ಅನೇಕ ವೇಳೆ ಚೇತರಿಸಿಕೊಳ್ಳುವುದೂ ಉಂಟು. ಹಾಗಾದರೆ ಗುಣಪಡಿಸಿದುದು ಬರೆಯೇ? ಕೀಲುನೋವು ಏರಿಳಿಯುವ ಸ್ವಭಾವದ್ದು. ನೋವು ಅತಿ ಹೆಚ್ಚಾದ ದಿನವೇ ನಾವು ಚಿಕಿತ್ಸೆಗೆ ಹೊರಡುತ್ತೇವೆ; ಅಲ್ಲಿಂದ ಮುಂದೆ ಅದು ತಾನಾಗಿಯೇ ಇಳಿಯುವ ಸಂಭವವೇ ಹೆಚ್ಚು. ಮೇಲಾಗಿ, ಸುಟ್ಟಗಾಯದ ಪ್ರಾಣಿಯನ್ನು ಕೆಲವು ದಿನ ಕೆಲಸಕ್ಕೆ ಹೂಡದೆ ಕಟ್ಟಿಹಾಕುತ್ತಾರೆ. ಆ ವಿಶ್ರಾಂತಿಯ ಫಲವೂ ಬರೆಯ ಲೆಕ್ಕಕ್ಕೇ ಸೇರುತ್ತದೆ! ಇಂಗ್ಲೆಂಡಿನಲ್ಲಿ ಕುದುರೆಗಳ ಕಾಲಿಗೂ ಬರೆ ಹಾಕುತ್ತಿದ್ದರು. ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ, ಗಾಯಗೊಂಡ ಸ್ನಾಯುರಜ್ಜುವಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲವೆಂದು 1983ರಲ್ಲಿ ಪ್ರಕಟಿಸಿದರು.

ಆದುದರಿಂದ ಯಾವ ಚಿಕಿತ್ಸೆಯನ್ನೇ ಆಗಲಿ, ಕಣ್ಣಳತೆಯಿಂದ ತೂಗಲಾಗದು. ಇಲ್ಲಿ ಭೌತಶಾಸ್ತ್ರವು ನೆರವಿಗೆ ಬರುತ್ತದೆ. ನಾಯಿ ನೆಲವನ್ನು ಎಷ್ಟು ಬಲದಿಂದ ಒತ್ತುವುದೋ ಅಷ್ಟೇ ಬಲದಿಂದ ನೆಲವೂ ಅದರ ಪಾದವನ್ನು ಮೇಲಕ್ಕೆ ಒತ್ತುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಈ ಬಲವನ್ನು ಅಳೆಯಬಲ್ಲ ಹಲಗೆಯೊಂದನ್ನು ನೆಲದಲ್ಲಿ ಹುದುಗಿಸಿ ಅದರ ಮೇಲೆ ನಾಯಿಯನ್ನು ನಡೆಸುತ್ತಾರೆ. ಆರೋಗ್ಯವಂತ ನಾಯಿಯ ತೂಕದಲ್ಲಿ ಸುಮಾರು 100ಕ್ಕೆ 60 ಪಾಲು ಮುಂಗಾಲುಗಳ ಮೇಲೆಯೂ 40 ಪಾಲು ಹಿಂಗಾಲುಗಳ ಮೇಲೆಯೂ ಬೀಳುತ್ತದೆ. 20 ಕಿಲೋಗ್ರಾಂ ತೂಕದ ನಾಯಿ ನಿಂತಿರುವಾಗ ಒಂದೊಂದು ಹಿಂಗಾಲಿಗೆ ಸುಮಾರು 4 ಕಿಲೋಗ್ರಾಂ ಬಂದಂತಾಯಿತು. ನೋಯುವ ಕಾಲಿನ ಪಾಲು ತಗ್ಗಿ ಉಳಿದ ಕಾಲುಗಳ ಪಾಲು ಏರುವುದನ್ನು ಹಲಗೆ ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಔಷಧವೇ ಇಲ್ಲದ ಹುಸಿ ಗುಳಿಗೆ ತಿಂದ ನಾಯಿಗಳ ಕುಂಟು ಕಡಮೆಯಾಯಿತೆಂದು ಒಡೆಯರು ಅನೇಕ ಸಲ ಹೇಳಿದರು. ಪಶುವೈದ್ಯರೂ ಹಾಗೆಯೇ ಮೋಸಹೋದರು. ಹಲಗೆ ಮಾತ್ರ ಒಪ್ಪಲಿಲ್ಲ. ನಾಯಿಗೆ ನಂಬಿಕೆಯ ಗುಣವಿಲ್ಲದಿರಬಹುದು, ನೋಡುವವರಿಗೆ ಇದೆಯಲ್ಲ!

ಚಿನ್ನದ ತಂತಿಯ ಚೂರುಗಳನ್ನು ನಾಯಿಯ ಚರ್ಮದೊಳಗೆ ಸೇರಿಸುವ ಚಿಕಿತ್ಸೆಯನ್ನು ಫಿನ್ಲೆಂಡಿನಲ್ಲಿ 38 ನಾಯಿಗಳ ಮೇಲೆ ಪರೀಕ್ಷಿಸಿದರು. ಚಿನ್ನ ಪಡೆದವೂ ಪಡೆಯದವೂ ಒಂದೇ ತೆರನಾಗಿ ಸುಧಾರಿಸಿದುವೆಂದು 2001ರ ವರದಿ ತಿಳಿಸುತ್ತದೆ. ಅನಂತರದ ನಾರ್ವೆಯ ಪ್ರಯೋಗವೊಂದು ಇದರ ಪರವಾಗಿಯೂ ಬಂದುದರಿಂದ ವಾದ ಇನ್ನೂ ಮುಗಿದಿಲ್ಲ.

ನೀರಿನ ಚಿಕಿತ್ಸೆಯ ವಿಷಯ ಬೇರೆ. ಅದರ ಆಧಾರ ಆರ್ಕಿಮಿಡೀಸನ ತತ್ತ್ವ. ಮುಳುಗಿದ ಭಾಗವು ಸ್ಥಳಾಂತರಿಸಿದ ನೀರಿನ ತೂಕದಷ್ಟು ಭಾರ ನಾಯಿಯ ಕಾಲುಗಳ ಮೇಲಿಂದ ಇಳಿಯುತ್ತದೆ. 2010ರಲ್ಲಿ ಪ್ರಕಟವಾದ ಅಳತೆಗಳಂತೆ, ನೀರು ಹಿಂಗಾಲಿನ ಹರಡಿನವರೆಗೆ ಇದ್ದರೆ ಕಾಲುಗಳ ಮೇಲೆ ತೂಕದ 100ಕ್ಕೆ 91 ಪಾಲು ಉಳಿಯುತ್ತದೆ. ಮೊಣಕಾಲಿನವರೆಗೆ ಇದ್ದರೆ 85. ಸೊಂಟದ ಕೀಲಿನವರೆಗೆ ಏರಿದರೆ 38 ಮಾತ್ರ. ನಮ್ಮ 20 ಕಿಲೋಗ್ರಾಂ ನಾಯಿ ಈಗ ಹೊರುತ್ತಿರುವುದು ಕೇವಲ 7.6 ಕಿಲೋಗ್ರಾಂ! ಮೊಣಕಾಲಿಗೂ ಸೊಂಟಕ್ಕೂ ನಡುವೆ ಇಷ್ಟು ದೊಡ್ಡ ಇಳಿತವೇಕೆ? ಕಾಲುಗಳು ಸಪೂರವಾದವು, ಅವು ಸರಿಸುವ ನೀರು ಅತ್ಯಲ್ಪ. ಹೊಟ್ಟೆ ಮುಳುಗತೊಡಗಿದಾಗಲೇ ಪ್ಲವನಬಲವು ಒಮ್ಮೆಲೇ ಬೆಳೆಯುತ್ತದೆ. ಹೀಗೆ ಕೀಲಿಗೆ ಭಾರ ಬೀಳದಂತೆ ಸ್ನಾಯುಗಳಿಗೆ ವ್ಯಾಯಾಮ ಕೊಡಬಹುದು. ಇದಕ್ಕಾಗಿ ನೀರಿನ ತೊಟ್ಟಿಯೊಳಗೆ ಚಲಿಸುವ ಪಟ್ಟಿಯ ಮೇಲೆ ನಾಯಿಯನ್ನು ನಡೆಸುತ್ತಾರೆ. ಮದಗದ ಕೆರೆಗೆ ಇಳಿಸಿದರೆ ಸಾಲದೆ, ಎಂದು ಕಡೂರಿನ ವಿದ್ಯಾರ್ಥಿ ಕೇಳಬಹುದು. ಕೆರೆಯ ದಂಡೆ ಜಾರುತ್ತದೆ, ಆಳ ನಮ್ಮ ಹಿಡಿತದಲ್ಲಿರುವುದಿಲ್ಲ. ಈಜುವಾಗ ಪಾದಗಳು ನೆಲವನ್ನು ಮುಟ್ಟುವುದೂ ಇಲ್ಲ. ಅದು ಬೇರೆಯೇ ವ್ಯಾಯಾಮ.

ಇವೆಲ್ಲಕ್ಕಿಂತ ಅಗ್ಗವಾದ ಉಪಾಯವೆಂದರೆ ಮಿತಾಹಾರ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಮತ್ತೊಂದಕ್ಕಿಂತ ಕಾಲುಭಾಗ ಕಡಮೆ ಆಹಾರವನ್ನು ಆಯುಷ್ಯಪೂರ್ತಿ ಕೊಟ್ಟರು. ಕಡಮೆ ತಿಂದವುಗಳ ಮಧ್ಯಮ ಆಯುಸ್ಸು 13 ವರ್ಷ, ಉಳಿದವುಗಳದು 11.2, ಕಡಮೆ ತಿಂದವುಗಳಿಗೆ ಕೀಲುಸವೆತದ ಚಿಕಿತ್ಸೆಯೂ ತಡವಾಗಿ ಬೇಕಾಯಿತು.

ಬೆನ್ನಿನ ವಿಷಯದಲ್ಲಿ ಮಾತ್ರ ಕಾದು ನೋಡುವಂತಿಲ್ಲ. ಡ್ಯಾಶ್‌ಹಂಡ್‌ನಂಥ ಉದ್ದ ಬೆನ್ನಿನ ನಾಯಿಗಳಲ್ಲಿ ಕಶೇರುಗಳ ನಡುವಣ ಬಿಲ್ಲೆ ಜಾರಿ ಬೆನ್ನುಹುರಿಯನ್ನು ಒತ್ತಿದರೆ ಹಿಂಗಾಲುಗಳು ಹಠಾತ್ತನೆ ಸೋಲಬಹುದು. ಆಗ ಎಣ್ಣೆ ತಿಕ್ಕುತ್ತ ಕೂರದೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹತ್ತಿರದ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ. ಮನುಷ್ಯರ ನೋವಿನ ಮಾತ್ರೆಗಳನ್ನು ದಾರಿಯಲ್ಲಿಯೂ ಕೊಡಕೂಡದು: ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡಗಳನ್ನು ಕೆಡಿಸಬಲ್ಲದು.