ಹೊಡೆಯುವ ಕೈ ಏನು ಹೇಳುತ್ತದೆ?

ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳೂ ಪ್ರಾಯಸ್ಥರೂ ನಮ್ಮ ಊರುಗಳಲ್ಲಿ ಇದ್ದಾರೆ. ಇವರಲ್ಲಿ ಹೆಚ್ಚಿನವರು ಸೌಮ್ಯರು. ಕೆಲವರಾದರೋ ಹೊಡೆಯುತ್ತಾರೆ, ಕಚ್ಚುತ್ತಾರೆ, ಪಾತ್ರೆಗಳನ್ನು ಬಿಸಾಡುತ್ತಾರೆ. ಆಗ ನೆರೆಯವರು ಇದು ದೆವ್ವದ ಕಾಟ ಎನ್ನುವರು, ಇಲ್ಲವೆ ಹಟ ಎನ್ನುವರು. ಮನೆಯವರು ಬೇರೆ ದಾರಿ ಕಾಣದೆ ಮಗನನ್ನು ಕಂಬಕ್ಕೆ ಕಟ್ಟುವದೂ ಉಂಟು. ಇದಕ್ಕಿಂತ ಒಳ್ಳೆಯ ಮಾರ್ಗವಿದೆಯೋ ಎಂಬದೇ ಈ ಪಾಠದ ವಿಷಯ.

ತುಂಗೆಯ ದಡದಲ್ಲಿರುವ ಸಕ್ರೆಬೈಲಿನ ಆನೆಬಿಡಾರವನ್ನು ನೀವು ಬಲ್ಲಿರಿ. ಗಂಡಾನೆಯ ಕಪೋಲದಲ್ಲಿ ಮದ ಒಸರುವದನ್ನು ಕಂಡ ಕೂಡಲೇ ಮಾವುತನು ಎಚ್ಚರಗೊಳ್ಳುತ್ತಾನೆ. ಅನಾಹುತವಾಗುವ ತನಕ ಕಾಯುವದಿಲ್ಲ. ಮನುಷ್ಯನನ್ನು ಮೃಗಕ್ಕೆ ಹೋಲಿಸುವದು ನಮ್ಮ ಉದ್ದೇಶವಲ್ಲ. ಮೃಗದ ಗುರುತುಗಳನ್ನೇ ಇಷ್ಟು ತಾಳ್ಮೆಯಿಂದ ಕಲಿಯುವವರು ಇರಲಾಗಿ, ನಮ್ಮ ಮನೆಯ ಮಗನ ಗುರುತುಗಳನ್ನು ನಾವು ಎಷ್ಟೋ ಹೆಚ್ಚಾಗಿ ಕಲಿಯಬೇಕಲ್ಲವೇ?

೧. ಮೊದಲು ಕಾರಣವನ್ನು ಹುಡುಕತಕ್ಕದ್ದು. ಮಾತು ಬಾರದವನಿಗೆ ಅನೇಕ ವೇಳೆ ಪೆಟ್ಟೇ ಮಾತು. ಹಲ್ಲುನೋವು, ಕಿವಿನೋವು, ಮಲಬದ್ಧತೆ, ನಿದ್ರೆಗೇಡು ಇವುಗಳಲ್ಲಿ ಯಾವದಾದರೂ ಇದೆಯೋ ಎಂದು ವೈದ್ಯರಿಂದ ತಿಳಿಯಿರಿ. ಬಳಿಕ ಎರಡು ವಾರಗಳ ವರೆಗೆ ಮೂರು ಸಂಗತಿಗಳನ್ನು ಬರೆದಿಡಿರಿ: ಪೆಟ್ಟಿಗೆ ಮುಂಚೆ ಏನಾಯಿತು? ಅವನು ಏನು ಮಾಡಿದನು? ಅನಂತರ ಅವನಿಗೆ ಏನು ದೊರಕಿತು? ೧೯೮೪ರಲ್ಲಿ ಸಿಕಂದರಾಬಾದಿನಲ್ಲಿ ಇಂಥವರಿಗಾಗಿ ಒಂದು ರಾಷ್ಟ್ರೀಯ ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿಂದ ೧೯೯೨ರಲ್ಲಿ ರೀತಾ ಪೇಶಾವರಿಯಾ, ಎಸ್. ವೆಂಕಟೇಶನ್ ಎಂಬವರು ಉಪಾಧ್ಯಾಯರಿಗಾಗಿ ಬರೆದ ಕೈಪಿಡಿಯು ನಡತೆಯನ್ನು ಹೀಗೆ ಗಮನಿಸಿ ತಿದ್ದುವ ಕ್ರಮವನ್ನು ಕಲಿಸುತ್ತದೆ. ವೆಂಕಟೇಶನ್ನರು ಮುಂದೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದರು.

೨. ಪೆಟ್ಟಿನ ಬದಲಿಗೆ ಬೇರೊಂದು ಮಾತನ್ನು ಕೊಡತಕ್ಕದ್ದು. ಒಬ್ಬ ಯೌವನಸ್ಥನು ಸ್ನಾನದ ಹೊತ್ತಿನಲ್ಲಿ ಮಾತ್ರ ತಾಯಿಯನ್ನು ಹೊಡೆಯುತ್ತಾನೆಂದು ಇಟ್ಟುಕೊಳ್ಳೋಣ. ಹೊಡೆದ ಕೂಡಲೇ ಆಕೆ ಚೆಂಬನ್ನು ಕೆಳಗಿಡುತ್ತಾಳೆ. “ನಿಲ್ಲಿಸು” ಎಂದು ಅವನ ಕೈ ಹೇಳಿತು, ಅದು ಫಲಿಸಿತು. ಆದದರಿಂದ ಅವನು ಸಮಾಧಾನವಾಗಿರುವಾಗ ತಾಯಿಯು ಅವನ ಅಂಗೈಯನ್ನು ಮೆಲ್ಲನೆ ಎತ್ತಿಸಿ, ಎತ್ತಿದ ಕ್ಷಣವೇ ನೀರು ಹಾಕುವದನ್ನು ನಿಲ್ಲಿಸಲಿ. ಈ ಗುರುತನ್ನು ಕಲಿತ ಮೇಲೆ, ಸ್ವಲ್ಪ ಸ್ವಲ್ಪವಾಗಿ ತಾಳಿಕೊಳ್ಳುವದನ್ನೂ ಕಲಿಸಲಿ. ಈ ಕ್ರಮವನ್ನು ಅಮೇರಿಕದ ಎಡ್ವರ್ಡ್ ಕಾರ್, ಮಾರ್ಕ್ ಡುರಾಂಡ್ ಎಂಬವರು ೧೯೮೫ರಲ್ಲಿ ಪ್ರಕಟಿಸಿದರು. ಹಳೆಯ ಮಾತು ಫಲಿಸದೆ ಹೋದಾಗ ಮೊದಲು ಪೆಟ್ಟು ಹೆಚ್ಚಾಗಲೂಬಹುದು, ಆಗ ಎದೆಗುಂದಬಾರದು.

೩. ಮಾತು ಬಲ್ಲವರಿಗೆ ಕೋಪದ ಗುರುತುಗಳನ್ನು ತಿಳಿಸತಕ್ಕದ್ದು. ಎದೆ ಬಡಿದುಕೊಳ್ಳುವದು, ಮುಷ್ಟಿ ಬಿಗಿಯುವದು, ಮುಖ ಕಾವೇರುವದು ಇವು ಕೋಪದ ಮುನ್ಸೂಚನೆಗಳು. ಆಗ ಉಸಿರನ್ನು ನಿಧಾನವಾಗಿ ಬಿಡುವದು, ಅಂಗಳಕ್ಕೆ ಹೋಗುವದು, “ನನಗೆ ಸಿಟ್ಟು ಬಂತು” ಎಂದು ಹೇಳುವದು, ಇವುಗಳನ್ನು ದಿನಾಲು ಆಡಿ ತೋರಿಸಿ ಅಭ್ಯಾಸ ಮಾಡಿಸಬೇಕು. ರೇಮಂಡ್ ನೊವಾಕೊ ಎಂಬವರು ೧೯೭೫ರಲ್ಲಿ ಇತರರಿಗಾಗಿ ಬರೆದ ಕ್ರಮವು ಇವರಿಗೂ ಒದಗುವಂತೆ ಸರಳ ಮಾಡಲ್ಪಟ್ಟಿತು. ಇದರಿಂದ ಅಬ್ಬರವು ತಗ್ಗಬಹುದೆಂದು ಪರೀಕ್ಷೆಗಳು ತೋರಿಸಿವೆ. ಫಲವು ಬಹುಕಾಲ ನಿಲ್ಲುವದೆಂಬದು ಇನ್ನೂ ಸ್ಥಿರಪಟ್ಟಿಲ್ಲ.

೪. ಮಾತ್ರೆಯೊಂದನ್ನೇ ನೆಚ್ಚತಕ್ಕದ್ದಲ್ಲ. ೨೦೦೮ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಇಂಥ ೮೬ ಮಂದಿಗೆ ಎರಡು ಬಗೆಯ ಔಷಧಗಳಲ್ಲಿ ಒಂದನ್ನು, ಇಲ್ಲವೆ ಔಷಧವಿಲ್ಲದ ಮಾತ್ರೆಯನ್ನು ಕೊಟ್ಟರು. ಮೂರು ಗುಂಪುಗಳಲ್ಲಿಯೂ ಪೆಟ್ಟು ತಗ್ಗಿತು. ಔಷಧವಿಲ್ಲದ ಮಾತ್ರೆಯನ್ನು ತಿಂದವರಲ್ಲಿಯೇ ಎಲ್ಲಕ್ಕಿಂತ ಹೆಚ್ಚಾಗಿ ತಗ್ಗಿತು. ಆದರೂ ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ನಿಲ್ಲಿಸಬೇಡಿರಿ.

ಅಪಾಯದ ಹೊತ್ತಿನಲ್ಲಿ ಕತ್ತಿ ಕುಡುಗೋಲುಗಳನ್ನು ಮರೆಮಾಡಿ, ಚಿಕ್ಕ ಮಕ್ಕಳನ್ನು ದೂರ ಕಳುಹಿಸಿ, ತಗ್ಗಿದ ಸ್ವರದಲ್ಲಿ ಕಡಿಮೆ ಮಾತಾಡಿರಿ. ಮರಳಿ ಹೊಡೆದರೆ, ಬಲವುಳ್ಳವನು ಹೊಡೆಯಬಹುದೆಂಬ ಪಾಠವನ್ನೇ ಕಲಿಸಿದಂತಾಗುವದು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇವರನ್ನು ಕ್ರೌರ್ಯದಿಂದಲೂ ಹಿಂಸೆಯಿಂದಲೂ ಕಾಪಾಡತಕ್ಕದ್ದೆಂದು ವಿಧಿಸುತ್ತದೆ. ದಣಿದ ತಾಯಿತಂದೆಗಳು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹೋಗಲು ನಾಚಬಾರದು. ನೆರೆಯವರು ವಾರಕ್ಕೆ ಒಂದು ಸಾಯಂಕಾಲವಾದರೂ ಆ ಮಗನ ಬಳಿ ಕುಳಿತು, ತಾಯಿಗೆ ವಿಶ್ರಾಂತಿ ಕೊಡಲಿ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:

೧. ಪೆಟ್ಟಿಗೆ ಮುಂಚೆ ಯಾವ ಗುರುತು ಕಾಣುತ್ತದೆ?
೨. ಪೆಟ್ಟಿನಿಂದ ಅವನಿಗೆ ಏನು ಲಭಿಸುತ್ತದೆ?
೩. ಅದನ್ನು ಕೇಳಿಕೊಳ್ಳಲು ಬೇರೆ ಯಾವ ಮಾತನ್ನು ನಾವು ಅವನಿಗೆ ಕಲಿಸಿದ್ದೇವೆ?