ಯಾವ ಪುಸ್ತಕ ಓದೋಣ?

ಅಕ್ಕಂದಿರೇ, ನಾವು ಅಕ್ಷರ ಕಲಿತೆವು. ಪಾಠದ ಪುಸ್ತಕವೂ ಮುಗಿಯಿತು. ಮುಂದೆ ಏನು ಓದೋಣ? "ಟೀಚರ್, ನೀವೇ ಹೇಳಿ" ಅಂತೀರಿ. ಯಾಕೆ? ನಿಮಗೆ ಬೇಕಾದ್ದು ನಿಮಗೇ ಗೊತ್ತಲ್ಲವೆ?

ಸುಮಾರು 200 ವರ್ಷದ ಹಿಂದೆ ಬಂಗಾಳದಲ್ಲಿ ರಾಸಸುಂದರಿ ದೇವಿ ಎಂಬುವರಿದ್ದರು. 12ನೇ ವಯಸ್ಸಿಗೇ ಮದುವೆಯಾಯಿತು. ಹೆಂಗಸು ಓದಿದರೆ ವಿಧವೆ ಆಗುತ್ತಾಳೆ ಎಂದು ಆಗ ಜನ ನಂಬಿದ್ದರು. ಆದರೂ ರಾಸಸುಂದರಿಗೆ 'ಚೈತನ್ಯ ಭಾಗವತ' ಓದುವ ಆಸೆ. ಅದರ ಒಂದು ಹಾಳೆ ತೆಗೆದು ಅಡುಗೆಮನೆಯಲ್ಲಿ ಬಚ್ಚಿಟ್ಟರು. ಮಗ ಬರೆದ ಅಕ್ಷರಕ್ಕೆ ಹೋಲಿಸಿ ನೋಡಿದರು. ಹಾಗೇ ಓದು ಕಲಿತರು. ಮುಂದೆ ತಮ್ಮ ಬದುಕಿನ ಕತೆಯನ್ನೂ ಬರೆದರು. ಅದು ಅಚ್ಚಾಯಿತು.

ಅವರಿಗೆ ಪುಸ್ತಕ ಆರಿಸಿ ಕೊಟ್ಟವರಿಲ್ಲ. ಜನ ಹೇಳಿದ್ದನ್ನೂ ಅವರು ಸುಮ್ಮನೆ ಒಪ್ಪಲಿಲ್ಲ.

ಬನ್ನಿ, ಪಂಚಾಯಿತಿ ಗ್ರಂಥಾಲಯಕ್ಕೆ ಹೋಗೋಣ. ನಾಲ್ಕು ಪುಸ್ತಕ ತೆರೆಯೋಣ. ಎರಡೆರಡು ಪುಟ ಓದೋಣ. ಹಿಡಿಸಿದ್ದನ್ನು ಇಟ್ಟುಕೊಳ್ಳೋಣ. ಹಿಡಿಸದ್ದನ್ನು ಬಿಡೋಣ.

ಅಚ್ಚಾದದ್ದೆಲ್ಲ ನಿಜ ಅಲ್ಲ. ಓದುತ್ತಾ ಕೇಳಿಕೊಳ್ಳೋಣ: ಇದನ್ನು ಹೇಳಿದವರು ಯಾರು? ಯಾಕೆ ಹೇಳಿದರು? ನಾವು ಕಂಡದ್ದಕ್ಕೆ ಇದು ಹೊಂದುತ್ತದೆಯೆ?

ಮಾತಾಡೋಣ:
1. ನಿಮಗೆ ಯಾವ ವಿಷಯ ಓದಲು ಆಸೆ?
2. ಹೆಂಗಸರ ಬಗ್ಗೆ ಜನ ಹೇಳುವ ಯಾವ ಮಾತನ್ನು ನೀವು ಒಪ್ಪುವುದಿಲ್ಲ? ಯಾಕೆ?