ಫ್ಯೂಸಿನ ಬಾಯಿ ಕಟ್ಟಬೇಡಿ

ಬೆಂಗಳೂರಿನ ಕೆಲವು ಹಳೆಯ ವಠಾರಗಳಲ್ಲಿ ಮರದ ಪಟ್ಟಿಯ ಮೇಲೆ ಎಳೆದ ವೈರುಗಳು ಇನ್ನೂ ಉಳಿದಿವೆ. ನಾಲ್ಕು ಬಲ್ಬು, ಒಂದು ಫ್ಯಾನಿಗೆಂದು ಹಾಕಿದ ಆ ವೈರಿಗೆ ಈಗ ಇಸ್ತ್ರಿಪೆಟ್ಟಿಗೆ, ಗೀಸರ್‌ಗಳೂ ಸೇರಿಕೊಂಡಿವೆ. 2000 ವ್ಯಾಟಿನ ಗೀಸರೊಂದೇ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ದೀಪದ ಲೈನಿಗೆ ಹಾಕುವ ಫ್ಯೂಸು ಸಾಮಾನ್ಯವಾಗಿ 5 ಆಂಪಿಯರಿನದು. ಅದು ಹೋಗದೆ ಇನ್ನೇನಾದೀತು?

ಪದೇ ಪದೇ ಹೋಗುತ್ತದೆಂದು ಬೇಸತ್ತು ನಾವು ದಪ್ಪ ತಾಮ್ರದ ತಂತಿ ಸುತ್ತುತ್ತೇವೆ. ಎಚ್ಚರಿಸುವವನ ಬಾಯಿ ಕಟ್ಟಿದಂತಾಯಿತು! ಫ್ಯೂಸು ಕರಗದಿದ್ದರೆ ಗೋಡೆಯ ಮೇಲಿನ ವೈರು ಕಾಯುತ್ತದೆ. ಬೆಂಕಿಗೆ ಅಷ್ಟೇ ಸಾಕು.

ಹಾಗಾದರೆ ಬಾಡಿಗೆದಾರರು ಮಾಡಬೇಕಾದುದೇನು? ಗೀಸರನ್ನು ದೀಪದ ಲೈನಿನ ಪ್ಲಗ್ಗಿಗೆ ಸಿಕ್ಕಿಸಬೇಡಿ. ಸ್ವಿಚ್ಚು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಮೈನ್ ಸ್ವಿಚ್ ಆರಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ವೈರು ಬದಲಿಸಿ, ಅರ್ಥಿಂಗ್ ಸರಿಪಡಿಸಿ, ಸೋರುವ ವಿದ್ಯುತ್ತನ್ನು ತಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸುವಂತೆ ಮನೆಯೊಡೆಯರಿಗೆ ಬರೆದು ಕೊಡಿ. ಬಾಡಿಗೆ ಏರಿಸಿಯಾರೆಂದು ಅಂಜಿ ಸುಮ್ಮನಿರಬೇಡಿ.

ಮನೆಯೊಡೆಯರಿಗೂ ಒಂದು ಮಾತು. ತಿಂಗಳ ಬಾಡಿಗೆ ಎಣಿಸಿಕೊಳ್ಳುವಾಗ ಆ ಸೂರಿನಡಿ ಮಲಗುವ ಮಕ್ಕಳನ್ನೂ ನೆನೆಯಿರಿ. ಅವರ ಪ್ರಾಣದ ಹೊಣೆಯಲ್ಲಿ ನಿಮಗೂ ಪಾಲಿದೆ.